ಹಸಿರು ಅಂಗೈ

ಮಕ್ಕಳಿಗೆ "ಕೈ ತೊಳಕೋ, ಕೈ ತೊಳಕೋ" ಎಂದು ಹೇಳಿ ಹೇಳಿ ಗಂಟಲು ಕಟ್ಟದ ತಾಯಿ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಕರೆತನ್ನಿ, ಕಾಲಿಗೆ ಬೀಳೋಣ. ತೊಳೆದೆಯಾ ಅಂದರೆ ತೊಳೆದೆ ಎನ್ನುತ್ತವೆ. ತೋರಿಸು ಅಂದರೆ ಒದ್ದೆ ಕೈ ತೋರಿಸುತ್ತವೆ. ನೀರು ಮುಟ್ಟಿಸಿದ್ದಕ್ಕೂ ತೊಳೆದದ್ದಕ್ಕೂ ಇರುವ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ ಎಂಬುದು ಆ ಪುಟ್ಟ ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಾದರೆ, ಕೈಯೇ ಬಾಯಿಬಿಟ್ಟು ನಿಜ ಹೇಳುವಂತಿದ್ದರೆ?

ಈ ಪ್ರಶ್ನೆ ನೀಲಾಂಬಿಕಾಳ ತಲೆ ಹೊಕ್ಕದ್ದು ಮಗಳು ಮುಕ್ತಾ ಶಾಲೆಗೆ ಸೇರಿದ ವರ್ಷ. ಹೊಕ್ಕದ್ದು ಸುಮ್ಮನೆ ಕೂರಲಿಲ್ಲ. ನೀಲಾ ಸೂಕ್ಷ್ಮಜೀವಿಗಳನ್ನು ಓದಿಕೊಂಡವಳು, ಸೂರಣಕೊಪ್ಪದ ಆರೋಗ್ಯ ನಿಗಾ ಕೇಂದ್ರದ ಮುಖ್ಯ ವಿಜ್ಞಾನಿ. ಹಿಡಿದ ಹಟ ಬಿಡುವ ಜಾತಿಯಲ್ಲ. ಕೇಂದ್ರದ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಮೌಲಾಸಾಬ ನದಾಫನನ್ನು ಜೊತೆಗೆ ಹಾಕಿಕೊಂಡು, ಅವನ ಊಟ ನಿದ್ದೆ ಎರಡನ್ನೂ ಕೆಡಿಸಿ, ಕಡೆಗೊಂದು ಯಂತ್ರ ಮಾಡಿಯೇ ಬಿಟ್ಟಳು. ಅದಕ್ಕೆ 'ಕೈಗನ್ನಡಿ' ಎಂದು ಹೆಸರಿಟ್ಟದ್ದು ಮೌಲಾ.

ನೋಡಲು ಏನೂ ಇಲ್ಲ. ಶಾಲೆಯ ಊಟದ ಮನೆಯ ಬಾಗಿಲಲ್ಲಿ ಮಕ್ಕಳ ಎದೆಮಟ್ಟಕ್ಕೆ ಒಂದು ಗಾಜಿನ ಹಲಗೆ, ಪಕ್ಕದಲ್ಲಿ ಒಂದು ಪುಟ್ಟ ಗೇಟು, ಅಷ್ಟೆ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ಪದರವಿದೆ. ಆ ಪದರದ ತುಂಬ ಕೋಟಿಗಟ್ಟಲೆ ಸಣ್ಣ ಕೊಂಡಿಗಳು. ವಾಂತಿಭೇದಿ ತರುವ ರೋಗಾಣುಗಳಿರಲಿ, ಮಲದ ಒಂದು ಕಣವೇ ಇರಲಿ, ಕೊಂಡಿಗೆ ಸಿಕ್ಕಿಕೊಂಡಿತೆಂದರೆ ಅಲ್ಲಿ ಬೆಳಕು ಬೇರೆ ರೀತಿಯಲ್ಲಿ ಬಾಗುತ್ತದೆ. ಕೆಳಗಿರುವ ಯಂತ್ರದ ಕಣ್ಣು ಅದನ್ನು ಓದುತ್ತದೆ. ಅಂಗೈ ಶುದ್ಧವಿದ್ದರೆ ಹಸಿರು ದೀಪ, ಗೇಟು ತೆರೆಯುತ್ತದೆ. ಇಲ್ಲವಾದರೆ ಕೆಂಪು, ವಾಪಸ್ಸು ನಲ್ಲಿಯ ಹತ್ತಿರ ಮೆರವಣಿಗೆ. ಮುಂದಿನ ಮಗು ಅಂಗೈ ಇಡುವುದರೊಳಗೆ ನೇರಳಾತೀತ ಕಿರಣ ಹಾಯ್ದು ಗಾಜು ಮತ್ತೆ ಹೊಸದಾಗಿರುತ್ತದೆ.

ಮೊದಮೊದಲು ಕೈಗನ್ನಡಿ ಕಂಪ್ಯೂಟರಿನ ನಯವಾದ ದನಿಯಲ್ಲಿ ಮಾತಾಡುತ್ತಿತ್ತು. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎಂದರೆ ಯಾವ ಹುಡುಗ ಕೇಳುತ್ತಾನೆ ಹೇಳಿ? ಕಿಸಕ್ಕನೆ ನಗುತ್ತಿದ್ದವು. ಆಗ ಮೌಲಾ ನೀಲಾಳ ಅತ್ತೆ ಸಂಗವ್ವನನ್ನು ಕೂರಿಸಿಕೊಂಡು ಆಕೆಯ ದನಿಯನ್ನು ತುಂಬಿಸಿದ. ಅಂದಿನಿಂದ ಕೆಂಪು ಬಿದ್ದರೆ, "ಉಗುರು ಯಾರು ತಿಕ್ಕಬೇಕು, ನಿಮ್ಮಪ್ಪ ಬರಬೇಕೇನ? ಹೋಗ, ಇನ್ನೊಮ್ಮಿ ತೊಳಕೊಂಡ ಬಾ!" ಎಂದು ಗುಡುಗು. ಮಕ್ಕಳು ಅದನ್ನು ಗಾಜಜ್ಜಿ ಎಂದು ಕರೆದವು. ಹೆದರಿದವು, ಪ್ರೀತಿಯನ್ನೂ ಮಾಡಿದವು. ಹೆಬ್ಬೆರಳ ಸಂದಿ, ಉಗುರಿನ ಬುಡ, ಬೆರಳುಗಳ ನಡುವೆ, ಎಲ್ಲೆಲ್ಲಿ ತಿಕ್ಕಿದರೆ ಗಾಜಜ್ಜಿ ಸುಮ್ಮನಾಗುತ್ತಾಳೆಂದು ತಾವೇ ಕಂಡುಹಿಡಿದುಕೊಂಡವು. ಬಗಲಲ್ಲಿ ಊಟದ ಗಂಗಾಳ ಹಿಡಿದು ಸರದಿ ನಿಂತ ಮಕ್ಕಳು ಅಂಗೈ ಇಟ್ಟು, ಹಸಿರು ಕಂಡು, ಯುದ್ಧ ಗೆದ್ದವರಂತೆ ಒಳಗೆ ಹೋಗುತ್ತಿದ್ದವು.

ಫಲ ಕೇಳಬೇಕೆ? ಆ ವರ್ಷ ಸೂರಣಕೊಪ್ಪದ ಶಾಲೆಯಲ್ಲಿ ಹೊಟ್ಟೆನೋವು, ವಾಂತಿ ಎಂದು ಮನೆಗೆ ಹೋದ ಮಕ್ಕಳನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಹೆಡ್‌ಮಾಸ್ತರ ಕೊಟ್ರಯ್ಯನವರಿಗಂತೂ ನೆಲ ಕಾಣದಷ್ಟು ಹಿಗ್ಗು. ದಸರಾ ರಜೆ ಮುಗಿದ ಮೇಲೆ ಒಂದು ಹೊಸ ಪದ್ಧತಿಯನ್ನೂ ತಂದರು. ಅಡುಗೆಯವರು ಅನ್ನ, ಸಾರು ಬಡಿಸಿದರೆ ಸಾಕು, ಮಜ್ಜಿಗೆಯ ಬಕೆಟ್ಟು ಊಟದ ಮನೆಯ ನಡುವೆ ಇರುತ್ತದೆ, ಬೇಕಾದವರು ಎದ್ದು ಹೋಗಿ ತಾವೇ ಹಾಕಿಕೊಳ್ಳುವುದು. "ಇಷ್ಟ ಶುದ್ಧ ಕೈ ಇದ್ದ ಮ್ಯಾಲ ಮಕ್ಕಳಿಗೆ ಇನ್ನೊಬ್ಬರು ಯಾಕ ಬಡಸಬೇಕ್ರೀ ಮೇಡಂ? ಅವಕ್ಕೂ ಜವಾಬ್ದಾರಿ ಬರ್ಲಿ" ಎಂದರು. ಮಾತಿನಲ್ಲಿ ತಪ್ಪೇನಿದೆ? ನೀಲಾ ಭೇಷ್ ಎಂದಳು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಮಂಗಳವಾರ ನಿಗಾ ಕೋಣೆಯ ಗೋಡೆಯ ಮೇಲೆ ಸೂರಣಕೊಪ್ಪ ಶಾಲೆಯ ಚುಕ್ಕೆ ಕೆಂಪಗಾಯಿತು. ಕೈಗನ್ನಡಿ ಕೂರಿಸಿದ ತಾಲೂಕಿನ ಶಾಲೆಗಳೆಲ್ಲ ಆ ಗೋಡೆಯ ಮೇಲೆ ಚುಕ್ಕೆಗಳಾಗಿ ಮಿನುಗುತ್ತವೆ. ಯಾವ ಶಾಲೆಯಲ್ಲಾದರೂ ಒಮ್ಮೆಲೇ ಹೆಚ್ಚು ಮಕ್ಕಳು ಗೈರಾದರೆ ಚುಕ್ಕೆ ಕೆಂಪಾಗುತ್ತದೆ. ನೀಲಾ ಚಹಾದ ಲೋಟ ಕೆಳಗಿಟ್ಟಳು.

"ಮೌಲಾ, ನಿನ್ನ ಗ್ವಾಡಿಗೆ ಏನ ಬಂತು? ಸುಳ್ಳ ಹೇಳಾಕ ಹತ್ತೈತಿ."

"ಗ್ವಾಡಿ ಸುಳ್ಳ ಹೇಳಂಗಿಲ್ರೀ ಮೇಡಂ. ಅರ್ಧ ಸಾಲಿ ಬಂದಿಲ್ಲ" ಎಂದ ಮೌಲಾ, ಮುಖ ಸಣ್ಣದು ಮಾಡಿಕೊಂಡು.

ಅಷ್ಟರಲ್ಲಿ ಕೊಟ್ರಯ್ಯನವರ ಫೋನು. "ಏನ ಹೇಳ್ಲಿ ಮೇಡಮ್ಮೋರ, ನಿನ್ನಿ ಸಂಜಿಯಿಂದ ಮನಿಮನ್ಯಾಗೂ ವಾಂತಿಯಂತ, ಜುಲಾಬಂತ. ಬಂದ ಹುಡುಗೂರ ನೋಡಿದ್ರ ಬರೇ ಸುಂಬಳ ಸೋರೋವ. ನೆಗಡಿ ಆದವೆಲ್ಲಾ ಸಾಲಿಗೆ ಬಂದಾವ, ಗಟ್ಟಿಮುಟ್ಟ ಇದ್ದವೆಲ್ಲಾ ಹಾಸಿಗಿ ಹಿಡದಾವ. ಇದ್ಯಾವ ನ್ಯಾಯ ಹೇಳ್ರೀ!"

ಇಂಥ ಹೊತ್ತಿನಲ್ಲೂ ನೀಲಾಳಿಗೆ ನಗು ಬಂತು. ಆ ಶಾಲೆಯ ಕೈಗನ್ನಡಿ ಏನು ಹೇಳುತ್ತಿದೆ ಎಂದು ನೋಡಿದಳು. ಎಲ್ಲ ಹಸಿರು. ಹಾಸಿಗೆ ಹಿಡಿದ ಒಂದೊಂದು ಮಗುವಿನ ಅಂಗೈಯೂ ನಿನ್ನೆ ಹಸಿರು, ಕಳೆದ ವಾರವೆಲ್ಲ ಹಸಿರು. ನಗು ಅಲ್ಲಿಗೇ ನಿಂತಿತು.

ಮನೆಯಿಂದ ಸಂಗವ್ವನ ಫೋನು ಬಂದದ್ದು ಮಧ್ಯಾಹ್ನಕ್ಕೆ. ಮುಕ್ತಾಳಿಗೂ ಶುರುವಾಗಿತ್ತು.

ಗಂಡ ರೈಲು ಓಡಿಸುವವನು, ಮನೆಗಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ಮಗಳ ತಲೆ ಹಿಡಿದುಕೊಂಡು ಬಚ್ಚಲಲ್ಲಿ ಕೂತವಳು ಅತ್ತೆಯೇ. ನೀಲಾ ಓಡೋಡಿ ಬಂದು ನೋಡಿದರೆ ಹುಡುಗಿಯ ಕಣ್ಣು ಗುಳಿ ಬಿದ್ದು, ತುಟಿ ಒಣಗಿ ಹೋಗಿದ್ದವು.  ಉಪ್ಪುಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ಕೂತಳು. ಸಂಜೆಯ ಹೊತ್ತಿಗೆ ವಾಂತಿ ನಿಂತಿತು, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರೂ ಹೇಳಿದರು. ಆಗ ಮುಕ್ತಾ ಕಣ್ಣು ಬಿಟ್ಟು ಕೇಳಿದಳು.

"ಅವ್ವಾ, ನಾ ದಿನಾ ಹಸರ ಇದ್ದೆ."

"ಹೌದ ನನ್ನವ್ವ."

"ಒಂದ ದಿನಾನೂ ಕೆಂಪ ಆಗಿಲ್ಲ. ಗಾಜಜ್ಜಿ ನಂಗ ಒಮ್ಮಿನೂ ಬೈದಿಲ್ಲ. ಮತ್ತ ನಂಗ್ಯಾಕ ಬಂತು?"

 ಮುಕ್ತಾ ಗೋಡೆಯ ಕಡೆ ಮಗ್ಗುಲಾದಳು. "ಇನ್ಮ್ಯಾಲ ನಾ ಕೈ ತೊಳಿಯಂಗಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ ಮಾತು. ಅದಕ್ಕೇ ನೀಲಾಳಿಗೆ ಹೆದರಿಕೆಯಾಯಿತು.

ಮರುದಿನದಿಂದ ಕೇಂದ್ರದಲ್ಲಿ ಒಂದೇ ಕೆಲಸ. ಇದು ಚಳಿಗಾಲದ ವಾಂತಿ ವೈರಸ್ಸು ಎಂಬುದು ಮೊದಲ ದಿನವೇ ಗೊತ್ತಾಯಿತು. ಒಬ್ಬರ ಹೊಟ್ಟೆಯಿಂದ ಹೊರಬಿದ್ದು ಇನ್ನೊಬ್ಬರ ಬಾಯಿಗೆ ಹೋಗಲೇಬೇಕು, ಇಲ್ಲದಿದ್ದರೆ ಹರಡುವುದಿಲ್ಲ. ಆದರೆ ಯಾವ ದಾರಿಯಲ್ಲಿ? ಕುಡಿಯುವ ನೀರು ತಂದು ನೋಡಿದರು, ಶುದ್ಧ. ಅನ್ನ, ಸಾರು, ಅಡುಗೆಮನೆಯಿಂದ ಹೊರಡುವ ಮುಂಚಿನ ಮಜ್ಜಿಗೆ, ಎಲ್ಲ ಶುದ್ಧ. ಅಡುಗೆಯವರು, ಅಡುಗೆಮನೆಯ ಪಾತ್ರೆ, ಒರೆಸುವ ಬಟ್ಟೆ, ಒಂದೂ ಬಿಡಲಿಲ್ಲ. ಮೌಲಾ ಕೈಗನ್ನಡಿಯ ಗಾಜನ್ನೇ ಬಿಚ್ಚಿ ತಂದು, ಬೇಕೆಂದೇ ರೋಗಾಣು ಸವರಿ ನೋಡಿದ. ತಟಕ್ಕನೆ ಕೆಂಪು ತೋರಿಸಿತು.

"ಯಂತ್ರ ಸರಿ ಐತ್ರೀ. ನೀರ ಸರಿ ಐತಿ, ಅಡಗಿ ಸರಿ ಐತಿ, ಮಕ್ಕಳ ಕೈ ಸರಿ ಅದಾವ. ಎಲ್ಲಾ ಸರಿ ಐತಿ, ಮಕ್ಕಳಿಗೆ ಅಷ್ಟ ಆರಾಮಿಲ್ಲ" ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ಊರು ಸುಮ್ಮನಿರುತ್ತದೆಯೇ? ಶಾಲೆಗೆ ರಜೆ ಕೊಟ್ಟಾಗಿತ್ತು. ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ ಒಂದೇ ಮಾತು: ಕೈ ತೊಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕಾಯಿಲೆ ಬರುವುದಾದರೆ ಬಂದೇ ಬರುತ್ತದೆ. ಇದನ್ನು ಮೊದಲು ಹೇಳಿದವಳು ಬಸಲಿಂಗವ್ವ, ಹಿಟ್ಟಿನ ಗಿರಣಿಯವಳು. ಆಕೆಯ ಇಬ್ಬರು ಮಕ್ಕಳೂ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದವು. ಆ ತಾಯಿಯನ್ನು ತಪ್ಪೆನ್ನುವುದು ಹೇಗೆ? ಗುಣವಾಗುತ್ತಿದ್ದ ಮಕ್ಕಳು ಕೂಡ ಅದೇ ಮಾತನ್ನು ಹಾಡು ಕಟ್ಟಿ ಹೇಳತೊಡಗಿದ್ದವು. ಸೋಮವಾರ ಪಾಲಕರ ಸಭೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಎಲ್ಲ ಶಾಲೆಗಳಿಂದಲೂ ಕೈಗನ್ನಡಿಗಳನ್ನು ಕೀಳಿಸುವುದಾಗಿ ಮೇಲಿನವರಿಂದ ಸಂದೇಶ ಬಂತು.

ಕಿತ್ತರೆ ಕೀಳಲಿ, ಗಾಜು ತಾನೇ ಎಂದುಕೊಂಡಳು ನೀಲಾ. ಅವಳ ಎದೆಗೆ ನಾಟಿದ್ದು ಬೇರೆ. ಒಂದು ಊರಿನ ಮಕ್ಕಳೆಲ್ಲ ಕೈ ತೊಳೆಯುವುದು ದಂಡ ಎಂದು ನಂಬಿಬಿಟ್ಟರೆ, ಆ ನಂಬಿಕೆ ಅವರ ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಅದರಲ್ಲಿ ಮೊದಲನೆಯವಳು ತನ್ನ ಮಗಳೇ. ಮುಕ್ತಾ ಆಡಿದಂತೆ ಮಾಡುವ ಹುಡುಗಿ. ಮೂತ್ರಕ್ಕೆ ಹೋಗಿ ಬಂದರೂ ಕೈಗೆ ನೀರು ಸೋಕಿಸುತ್ತಿರಲಿಲ್ಲ. ಅಜ್ಜಿ ಬೈದು, ಕೈ ಹಿಡಿದೆಳೆದು ತೊಳೆಸಬೇಕಾಗುತ್ತಿತ್ತು. ಗಾಜಜ್ಜಿಗೆ ಹೆದರುತ್ತಿದ್ದ ಹುಡುಗಿ ನಿಜವಾದ ಅಜ್ಜಿಗೆ ಕಿಮ್ಮತ್ತು ಕೊಡುತ್ತಿರಲಿಲ್ಲ.

ಶುಕ್ರವಾರ ಸಂಜೆ ನೀಲಾ ಊಟಕ್ಕೆ ಕೂತಾಗ ತಲೆಯೆಲ್ಲ ಇದರಲ್ಲೇ ಇತ್ತು. ರೊಟ್ಟಿ ಮುಗಿಸಿ ಅನ್ನ ಕಲಸಿದಳು. ಸಂಗವ್ವ ಮೊಮ್ಮಗಳಿಗೆ ಗಂಜಿ ಕುಡಿಸುತ್ತ ಅತ್ತ ಕೂತಿದ್ದಳು. ಬಡಿಸುವವರು ಯಾರೂ ಇಲ್ಲ. ನೀಲಾ ಕೈ ಚಾಚಿ ಮಜ್ಜಿಗೆ ಪಾತ್ರೆಯ ಸೌಟು ಎತ್ತಿ ಅನ್ನಕ್ಕೆ ಸುರಿದುಕೊಂಡಳು. ಸೌಟನ್ನು ವಾಪಸ್ಸು ಇಡುವಾಗ ಅದು ಜಾರಿ, ಹಿಡಿಕೆಯ ಸಮೇತ ಗುಳುಕ್ಕೆಂದು ಮಜ್ಜಿಗೆಯೊಳಗೆ ಮುಳುಗಿತು. ತಕ್ಷಣ ಬೆರಳು ಇಳಿಬಿಟ್ಟು ಎತ್ತಿ ತೆಗೆದಳು.

"ಏ, ಎಂಜಲಗೈ ಹಾಕಿದ್ಯೇನ?" ಸಂಗವ್ವ ಅಲ್ಲಿಂದಲೇ ಕೂಗಿದಳು.

"ಇಲ್ರೀ ಅತ್ತಿ, ಎಡಗೈಲೆ ತೆಗದೆ."

"ಹಂಗಾದ್ರ ಅಡ್ಡಿ ಇಲ್ಲ ಬಿಡು."

ನೀಲಾ ಮಜ್ಜಿಗೆ ತೊಟ್ಟಿಕ್ಕುತ್ತಿದ್ದ ತನ್ನ ಎಡಗೈಯನ್ನೇ ನೋಡುತ್ತ ಕೂತಳು. ಉಣ್ಣುವಾಗ ಬಲಗೈ ಎಂಜಲು. ಎಂಜಲಗೈಯಲ್ಲಿ ಸೌಟು ಮುಟ್ಟಬಾರದು, ನೀರಿನ ತಂಬಿಗೆ ಮುಟ್ಟಬಾರದು, ಹಂಚಿ ಉಣ್ಣುವ ಯಾವುದನ್ನೂ ಮುಟ್ಟಬಾರದು. ಅವೆಲ್ಲ ಎಡಗೈಯ ಪಾಲು. ಬುದ್ಧಿ ಬರುವ ಮುಂಚೆಯೇ ಮೈಗೆ ಹತ್ತಿದ ಪಾಠ ಇದು, ಯಾರೂ ಯೋಚಿಸಿ ಮಾಡುವುದಿಲ್ಲ. ಬೆಳಿಗ್ಗೆ ಶೌಚಕ್ಕೆ ಹೋದಾಗ ನೀರು ಹಾಕಿ ತೊಳೆಯುವುದೂ ಅದೇ ಎಡಗೈ ಎಂಬುದು ಅವಳಿಗೆ ಆಗ ನೆನಪಾಯಿತು.

ಕೈಗನ್ನಡಿಯ ಮೇಲೆ ಮಕ್ಕಳು ಇಡುತ್ತಿದ್ದದ್ದು ಬಲಗೈ. ಬರೀ ಬಲಗೈ.

ಮೌಲಾ ಮೊದಲು ಬರೆದ ನಕ್ಷೆಯಲ್ಲಿ ಎರಡು ಗಾಜುಗಳಿದ್ದವು. ಹೊರದೇಶಗಳಲ್ಲಿ ಹಾಗೇ ಮಾಡುತ್ತಾರೆ ಎಂದಿದ್ದ. ನೀಲಾ ನಕ್ಕು ಒಂದಕ್ಕೆ ಗೀಟು ಹಾಕಿದ್ದಳು. "ಅವರು ಎರಡೂ ಕೈಲೆ ತಿಂತಾರ, ನಾವು ಒಂದ ಕೈಲೆ ಉಣತೀವಿ. ಬಾಯಿಗೆ ಹೋಗೋ ಕೈ ನೋಡಿದ್ರ ಸಾಕು" ಎಂದಿದ್ದಳು. ನಮ್ಮ ಮಣ್ಣಿಗೆ ಒಗ್ಗುವ ವಿಜ್ಞಾನ ಎಂದು ಎಲ್ಲರೂ ಬೆನ್ನು ತಟ್ಟಿದ್ದರು. ಎಡಗೈ ಇಟ್ಟರೆ "ಏ, ಆ ಕೈ ಅಲ್ಲ, ಉಣ್ಣೋ ಕೈ ಇಡು!" ಎಂದು ಗಾಜಜ್ಜಿ ಗದರುವಂತೆಯೂ ತುಂಬಿಸಿದ್ದರು. ಎಂಥ ಜಾಣತನ, ಶಹಬ್ಬಾಸ್!

"ಮುಕ್ತವ್ವಾ" ಎಂದು ಕರೆದಳು.  "ಸಾಲ್ಯಾಗ ಕೈ ಹೆಂಗ ತೊಳಕೋತಿದ್ದಿ, ತೋರ್ಸ ನೋಡೋಣು."

"ತೊಳಿಯಂಗಿಲ್ಲ ಅಂತ ಹೇಳೇನಲ್ಲ?"

"ತೊಳಿಬ್ಯಾಡ. ಗಾಳ್ಯಾಗ ತೋರ್ಸು."

ಮುಕ್ತಾ ಹಾಸಿಗೆಯ ಮೇಲೆ ಎದ್ದು ಕೂತಳು. ಎಡಗೈಯನ್ನು ಎದೆಗೆ ಅವಚಿಕೊಂಡಳು, ಗಂಗಾಳ ಹಿಡಿದವಳಂತೆ. ಬಲಗೈಯ ಬೆರಳುಗಳನ್ನು ಮಡಚಿ ತನ್ನ ಅಂಗೈಗೆ ತಾನೇ ತಿಕ್ಕಿದಳು, ಹೆಬ್ಬೆರಳನ್ನು ಬೆರಳುಗಳ ಸಂದಿಯಲ್ಲಿ ತೂರಿಸಿ ತಿರುವಿದಳು. ಎಷ್ಟು ಚಾಲಾಕು! "ನಮ್ಮ ಕ್ಲಾಸಿನ್ಯಾಗ ಒಂದ ಕೈಲೆ ಬುರುಗು ಎಬ್ಬಸೋದ್ರಾಗ ನಾನ ಫಸ್ಟ" ಎಂದಳು. ಹುಷಾರಿಲ್ಲದ ಮುಖದಲ್ಲೂ ಹೆಮ್ಮೆ ಇಣುಕಿತು.

"ಎಡಗೈ?"

"ಅದನ್ನ ಯಾರು ಕೇಳ್ತಾರ?"

ನೀಲಾ ಕೈಗನ್ನಡಿ ಕೂರಿಸುವ ಮುಂಚಿನ ದಿನಗಳನ್ನು ನೆನೆದಳು. ಆಗ ಮಕ್ಕಳು ಅಡ್ಡಾದಿಡ್ಡಿ ತೊಳೆಯುತ್ತಿದ್ದವು ನಿಜ, ಆದರೆ ಎರಡೂ ಕೈಗಳನ್ನು ಉಜ್ಜುತ್ತಿದ್ದವು. ಒಂದೇ ಕೈಗೆ ಹಸಿರು ಕೊಟ್ಟು, ಒಂದೇ ಕೈ ತೊಳೆಯುವ ಮಕ್ಕಳನ್ನು ತಾನೇ ಬೆಳೆಸಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾದವು. ಆದರೆ ಅದರ ಬೆನ್ನಿಗೇ ಎಷ್ಟೋ ದಿನಗಳ ಮೇಲೆ ಮೈಯಲ್ಲಿ ಕಸುವು ಬಂದಂತಾಯಿತು. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ತಿದ್ದುವುದು ಯಾವ ದೊಡ್ಡ ಮಾತು? ಕೊಟ್ರಯ್ಯನವರಿಗೆ ಫೋನು ಹಚ್ಚಿದಳು.

"ಮಾಸ್ತರ್ರೀ, ಒಂದ ಮಾತ ಹೇಳ್ರಿ. ನೆಗಡಿ ಆದ ಹುಡುಗೂರು ಮಜ್ಜಿಗಿ ಕುಡೀತಾವೇನು?"

"ಎಲ್ಲಿ ಕುಡೀತಾವ್ರೀ? ಅವರವ್ವಂದಿರು ಬಿಡಬೇಕಲ್ಲ. ಥಂಡಿ ಆಗ್ತೈತಿ, ಮಜ್ಜಿಗಿ ಮುಟ್ಟಬ್ಯಾಡ ಅಂತ ಹೇಳೇ ಕಳಸ್ತಾರ." ಹೇಳುತ್ತಲೇ ಅವರಿಗೂ ಹೊಳೆದಿರಬೇಕು. "ಅಯ್ಯ ಶಿವನ!" ಎಂದರು ಕೊಟ್ರಯ್ಯ.

ಶನಿವಾರ ಬೆಳಿಗ್ಗೆ ಮೂವರೂ ಬೀಗ ಹಾಕಿದ ಊಟದ ಮನೆಯಲ್ಲಿ ಸೇರಿದರು. ಮಜ್ಜಿಗೆಯ ಬಕೆಟ್ಟು ತೊಳೆದು ಬೋರಲು ಹಾಕಿತ್ತು. ಸೌಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರ ಬಟ್ಟಲನ್ನು ಅಡುಗೆಯವರು ಫಳಫಳ ತಿಕ್ಕಿದ್ದರು. ಆದರೆ ಹಿಡಿಕೆ ಎರಡು ತಗಡುಗಳನ್ನು ಬೆಸೆದು ಮಾಡಿದ್ದು, ನಡುವಿನ ಬಿರುಕಿನಲ್ಲಿ ಒಣಗಿದ ಮಜ್ಜಿಗೆಯ ಬಿಳಿ ಗೆರೆ ಹಾಗೇ ಕೂತಿತ್ತು. ನೀಲಾ ಅದನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಶೀಶೆಗೆ ಹಾಕಿಕೊಂಡಳು. ಮೌಲಾ ಬಿಚ್ಚಿ ಒಯ್ದಿದ್ದ ಗಾಜನ್ನು ಮತ್ತೆ ಕೂರಿಸಿ, ಕೈಗನ್ನಡಿಗೆ ಹೊಸ ಆಜ್ಞೆ ಬರೆದು, ಎಡಗೈಯನ್ನೂ ಓದುವಂತೆ ಮಾಡಿದ. ಮೊದಲು ತನ್ನದೇ ಎಡಗೈ ಇಟ್ಟ. ಕೆಂಪು. "ನಾ ಮುಂಜಾನೆ ಸಾಬೂನ ಹಚ್ಚೇ ತೊಳದೇನ್ರೀ!" ಎಂದು ಗೊಣಗಿದ. ನೀಲಾಳದ್ದೂ ಕೆಂಪು, ಕೊಟ್ರಯ್ಯನವರದ್ದೂ ಕೆಂಪು. ಅವರು ಧೋತರಕ್ಕೆ ಕೈ ಒರೆಸಿ ಮತ್ತೆ ಇಟ್ಟರು, ಮತ್ತೆ ಕೆಂಪು. ಮೂವರ ಬಲಗೈಗಳೂ ಹಸಿರೇ.

ಹತ್ತಿಯ ಕಡ್ಡಿಯ ಫಲಿತಾಂಶ ಮಧ್ಯಾಹ್ನ ಬಂತು. ಹಿಡಿಕೆಯ ಬಿರುಕಿನಲ್ಲಿದ್ದದ್ದೂ ಮಕ್ಕಳ ಹೊಟ್ಟೆಯಲ್ಲಿದ್ದದ್ದೂ ಒಂದೇ ವೈರಸ್ಸು. ಸಾರು ಕುದಿಯುತ್ತದೆ, ಅನ್ನ ಬೇಯುತ್ತದೆ, ಬೆಂಕಿ ಕಾಣದೆ ಬಾಯಿಗೆ ಹೋಗುವುದು ಮಜ್ಜಿಗೆ ಒಂದೇ. ಒಂದು ಮಗುವಿನ ಎಡಗೈಯಿಂದ ಹಿಡಿಕೆಗೆ, ಜಾರಿ ಮುಳುಗಿದ ಹಿಡಿಕೆಯಿಂದ ಮಜ್ಜಿಗೆಗೆ, ಅಲ್ಲಿಂದ ಇಡೀ ಶಾಲೆಗೆ. ಸುಂಬಳ ಸೋರುವ ಪುಣ್ಯಾತ್ಮರು ಮಾತ್ರ ತಾಯಂದಿರ ಮಾತು ಕೇಳಿ ಪಾರಾಗಿದ್ದರು.

"ಮೇಡಂ, ಸೋಮವಾರ ಹೆಂಗ ಹೇಳ್ತೀರಿ?" ಮೌಲಾ ಮೆಲ್ಲಗೆ ಕೇಳಿದ. "ಸವಟಿನ ತಪ್ಪು ಅಂದ್ರ ಮುಗೀತು. ಸವಟ ಬದಲ ಮಾಡಿದ್ವಿ, ಇನ್ನ ಕಾಳಜಿ ಇಲ್ಲ ಅಂದ್ರ ಮಂದಿ ಒಪ್ಪತಾರ. ನಕ್ಷಾದಾಗ ಗೀಟ ಹಾಕಿದ್ದು ಯಾರಿಗೂ ಗೊತ್ತಿಲ್ಲ."

"ಸವಟ ಬದಲ ಮಾಡಿದ್ರ ಎಡಗೈ ಬದಲ ಆಗ್ತೈತೇನೋ?" ಎಂದಳು ನೀಲಾ. ಅಲ್ಲಿಗೆ ಆ ಮಾತು ಮುಗಿಯಿತು.

ಸೋಮವಾರ ಊಟದ ಮನೆ ಕಿಕ್ಕಿರಿದಿತ್ತು. ಚೇತರಿಸಿಕೊಂಡ ಮಕ್ಕಳೂ ತಾಯಂದಿರ ಸೆರಗು ಹಿಡಿದು ಬಂದಿದ್ದವು. ಮುಕ್ತಾ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಕೊಟ್ರಯ್ಯನವರು ಸ್ವಾಗತದ ಎರಡು ಮಾತು ಹೇಳುವಷ್ಟರಲ್ಲಿ ಬಸಲಿಂಗವ್ವ ಎದ್ದು ನಿಂತಳು.

"ಹಾರ ತುರಾಯಿ ಆಮ್ಯಾಲ ಮಾಡ್ರೀ. ನನ್ನ ಮಕ್ಕಳು ಆರ ದಿನ ದವಾಖಾನ್ಯಾಗ ಬಿದ್ದಿದ್ವು. ಎರಡೂ ನಿಮ್ಮ ಗಾಜಿನ ಮ್ಯಾಲ ಹಸರ ಇದ್ವು. ನನಗ ಒಂದ ಹೇಳ್ರಿ, ಇನ್ನ ಕೈ ಯಾಕ ತೊಳೀಬೇಕು?"

ಹೌದು ಹೌದು ಎಂದು ಸಭೆಯೆಲ್ಲ ಗುಜುಗುಜು ಎಂದಿತು. ನೀಲಾ ಭಾಷಣ ಮಾಡಲಿಲ್ಲ. ಕೈಗನ್ನಡಿಯ ಹತ್ತಿರ ಹೋಗಿ ಬಲಗೈ ಇಟ್ಟಳು, ಹಸಿರು. ಮುಂಜಾನೆಯಿಂದ ಬೇಕೆಂದೇ ಸಾಬೂನು ಹಚ್ಚದೆ ಬಿಟ್ಟಿದ್ದ ಎಡಗೈ ಇಟ್ಟಳು. ಕೆಂಪು ದೀಪ ಹತ್ತಿ, ಊಟದ ಮನೆಯ ತುಂಬ ಸಂಗವ್ವನ ದನಿ ಮೊಳಗಿತು: "ಉಗುರು ಯಾರು ತಿಕ್ಕಬೇಕು, ನಿಮ್ಮಪ್ಪ ಬರಬೇಕೇನ?" ಅತ್ತೆಯ ದನಿ ಸೊಸೆಯನ್ನು ಊರ ಮುಂದೆ ಬೈದದ್ದು ಕೇಳಿ ಹೆಂಗಸರೆಲ್ಲ ಗೊಳ್ಳೆಂದರು. ಸಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವೂ ಬಂದು ಇಡ್ರಿ ಬಸಲಿಂಗವ್ವ" ಎಂದಳು ನೀಲಾ. ಬಸಲಿಂಗವ್ವನ ಎಡಗೈ ಕೆಂಪು. ಪಕ್ಕದವಳದ್ದು ಕೆಂಪು. ಹಿಂದಿದ್ದ ಗಂಡಸರು ನಗುತ್ತ ಬಂದು ಕೆಂಪು ಮುಖ ಮಾಡಿಕೊಂಡು ಹೋದರು. ನಗು ಸಣ್ಣಗಾಗುತ್ತ ಬಂದು, ಕಡೆಗೆ ಎಲ್ಲರೂ ತಮ್ಮ ತಮ್ಮ ಎಡಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತರು. ಆಗ ನೀಲಾ ಮಜ್ಜಿಗೆಯ ಬಕೆಟ್ಟಿನ ಕಥೆ ಹೇಳಿದಳು, ಮುಳುಗಿದ ಹಿಡಿಕೆಯ ಕಥೆ ಹೇಳಿದಳು, ನಕ್ಷೆಯಲ್ಲಿದ್ದ ಎರಡನೆಯ ಗಾಜಿಗೆ ಗೀಟು ಹಾಕಿದವಳು ತಾನೇ ಎಂಬುದನ್ನೂ ಬಿಡದೆ ಹೇಳಿದಳು.

"ಕೈ ತೊಳದದ್ದು ಸುಳ್ಳಾಗಿಲ್ರೀ. ತೊಳದ ಕೈಯಿಂದ ಯಾರಿಗೂ ಏನೂ ಬಂದಿಲ್ಲ. ತೊಳೀದ ಕೈಯಿಂದ ಬಂತು. ಆ ಕೈ ತೊಳೀರಿ ಅಂತ ನಿಮ್ಮ ಮಕ್ಕಳಿಗೆ ನಾ ಹೇಳ್ಲೇ ಇಲ್ಲ."

 ಬಸಲಿಂಗವ್ವ ನೀಲಾಳನ್ನು ದುರುಗುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಮುಕ್ತಾ ಅಜ್ಜಿಯ ಪಕ್ಕದಿಂದ ಎದ್ದಳು.

"ಅಂದ್ರ ಗಾಜಜ್ಜಿ ಸುಳ್ಳ ಹೇಳಿಲ್ಲ?"

"ಇಲ್ಲವ್ವ. ನಾ ಕೇಳಿದ್ದಕ್ಕ ಅಷ್ಟ ಉತ್ತರ ಕೊಟ್ಟಾಳ. ನಾನ ಅರ್ಧ ಕೇಳಿದ್ದೆ."

"ತಪ್ಪ ನಿಂದು."

"ನಂದ."

ಮುಕ್ತಾ ಇದನ್ನು ಒಂದು ಕ್ಷಣ ತೂಗಿ ನೋಡಿದಳು. ಇಡೀ ಸಭೆ ಆ ಪುಟ್ಟ ಮುಖವನ್ನೇ ನೋಡುತ್ತಿತ್ತು.  ಹುಡುಗಿ ಸೀದಾ ನಲ್ಲಿಗಳ ಕಡೆ ನಡೆದಳು. ಸಾಬೂನು ಎತ್ತಿಕೊಂಡಳು. ಮೊದಲ ಬಾರಿಗೆ ಎಡಗೈ ಮುಂದೆ ಚಾಚಿ, ಬಲಗೈಯಿಂದ ಅದರ ಒಂದೊಂದು ಬೆರಳನ್ನೂ ಹಿಡಿದು ತಿಕ್ಕಿದಳು, ಉಗುರಿನ ಬುಡ ಕೆರೆದಳು, ಮುಂಗೈ ತನಕ ನೊರೆ ಎಬ್ಬಿಸಿದಳು. ಗಾಜಿನ ಹತ್ತಿರ ಬಂದು ಬಲಗೈ ಇಟ್ಟಳು, ಎಡಗೈ ಇಟ್ಟಳು. ಎರಡೂ ಹಸಿರು. ಗೇಟು ತೆರೆಯಿತು.

ಬಸಲಿಂಗವ್ವ ತನ್ನ ಸಣ್ಣ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನೋಡಕೋತ ನಿಂತೀಯಲ್ಲೋ, ಹೋಗ, ನಡಿ!" ಅವನು ಓಡಿದ, ಅವನ ಹಿಂದೆ ಅಕ್ಕ ಓಡಿದಳು, ಆಮೇಲೆ ಊಟದ ಮನೆಯ ಮಕ್ಕಳೆಲ್ಲ ಗದ್ದಲವೆಬ್ಬಿಸಿಕೊಂಡು ನಲ್ಲಿಗಳಿಗೆ ಮುತ್ತಿದವು. ಸುಂಬಳದ ಹುಡುಗರೂ ಹಿಂದೆ ಬೀಳಲಿಲ್ಲ. ಮೌಲಾ ಎರಡನೆಯ ಗಾಜು ಬರುವ ತನಕ ಒಂದೇ ಗಾಜಿನಲ್ಲಿ ಎರಡೆರಡು ಸಲ ಅಂಗೈ ಇಡಿಸುತ್ತ ಬೆವರಿಳಿಸಿಕೊಂಡ. ಕೊಟ್ರಯ್ಯನವರು ಮಜ್ಜಿಗೆಗೆ ಮತ್ತೆ ಬಡಿಸುವವರನ್ನು ನೇಮಿಸುವುದಾಗಿ ಯಾರೂ ಕೇಳದಿದ್ದರೂ ಕೂಗಿ ಹೇಳುತ್ತಿದ್ದರು. ನೀಲಾ ಬಾಗಿಲಿಗೆ ಒರಗಿ ನಿಂತು ನೋಡಿದಳು. ಕಣ್ಣು ತುಂಬಿ ಬಂದವು, ತಡೆಯಲಿಲ್ಲ. ಇನ್ನು ಇವರು ಬಿಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಗೇಟಿನ ಆಚೆಯಿಂದ ಮುಕ್ತಾ ಕಿರುಚಿದಳು.

"ಅವ್ವಾ! ಕಣ್ಣಿಗೆ ಹಚ್ಚಬ್ಯಾಡ! ನೀ ಇನ್ನಾ ತೊಳಕೊಂಡಿಲ್ಲ!"

ಎಲ್ಲರೂ ತಿರುಗಿ ನೋಡಿದರು. ನೀಲಾ ಎತ್ತಿದ ಎಡಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು, ಮಕ್ಕಳ ಸರದಿಯ ಕಟ್ಟಕಡೆಗೆ ಹೋಗಿ ನಿಂತಳು.